ಹೆಬ್ಬೆರಳಷ್ಟು ಗಾಜು

ಮೃಗಶಿರೆಯ ಮಳೆ, ನಮ್ಮ ಬಾಯಲ್ಲಿ ಮಿರಗ, ಊರ ಹೊರಗೇ ಗುಡುಗುತ್ತ ನಿಂತಿತ್ತು. ಅದು ಒಳಗೆ ಕಾಲಿಡುವ ಮೊದಲು ಮಾಳಿಗೆಗಳಿಗೆ ಮಣ್ಣು ಹಾಕಿ ಮುಗಿಸಬೇಕೆಂದು ನಮ್ಮ ಓಣಿಯವರು ಬೆಳಗಿನಿಂದಲೇ ಬುಟ್ಟಿ ಹಿಡಿದಿದ್ದರು. ಹಳ್ಳದ ದಂಡೆಯ ಬಿಳಿ ಮಣ್ಣು ಬಂಡಿಗಳಲ್ಲಿ ಬಂದು ಓಣಿಯ ಬಾಯಿಗೆ ಸುರಿದಿತ್ತು. ಕೆಳಗಿದ್ದವರು ತುಂಬಿಕೊಡುವುದು, ನಿಚ್ಚಣಿಕೆಯ ಮೇಲಿದ್ದವರು ಕೈಯಿಂದ ಕೈಗೆ ದಾಟಿಸುವುದು, ಮಾಳಿಗೆಯ ಮೇಲಿದ್ದವರು ಹರಡಿ, ನೀರು ಚಿಮುಕಿಸಿ, ತುಳಿದು ಗಟ್ಟಿ ಮಾಡುವುದು. ಇದಕ್ಕೆ ಕೂಲಿಯ ಮಾತಿಲ್ಲ. ಇವತ್ತು ನನ್ನ ಮಾಳಿಗೆ, ನಾಳೆ ನಿಮ್ಮದು. ಆ ದಿನ ಸರದಿ ನನ್ನದಾಗಿತ್ತು.

ಉಳಿದವರಿಗೆಲ್ಲ ಮಳೆಯ ಚಿಂತೆಯಾದರೆ ನನಗೆ ಧೂಳಿನ ಚಿಂತೆ. ನನ್ನ ಮನೆಯಲ್ಲಿ ದುರ್ಬೀನು ಇತ್ತು. ಬೆಳಕಿಂಡಿಯಿಂದ ಉದುರುವ ಆ ಬಿಳಿ ಹುಡಿ ಮುಚ್ಚಿದ ಪೆಟ್ಟಿಗೆಯೊಳಗೂ ನುಸುಳುತ್ತದೆ. ಹಾಗಾಗಿ ಬೆಳಿಗ್ಗೆಯೇ ಅದನ್ನು ಅದರ ಕೌದಿಯ ಚೀಲದ ಸಮೇತ ಎತ್ತಿಕೊಂಡು ಹೋಗಿ ಪಕ್ಕದ ಮನೆಯ ಗುರುಸಿದ್ದವ್ವನ ಪಡಸಾಲೆಯಲ್ಲಿಟ್ಟೆ. ಗುರುಸಿದ್ದವ್ವ ನನಗೆ ರಕ್ತಸಂಬಂಧಿಯಲ್ಲ. ಆದರೆ ನಮ್ಮಿಬ್ಬರ ಮನೆಗೆ ನಡುಗೋಡೆ ಒಂದೇ, ಮಾಳಿಗೆ ಹತ್ತುವ ನಿಚ್ಚಣಿಕೆಯೂ ಒಂದೇ. ಈ ಓಣಿಗೆ ಸೊಸೆಯಾಗಿ ಬಂದ ದಿನದಿಂದ ನಾನು ಅವಳನ್ನು ಚಿಗವ್ವ ಎಂದೇ ಕರೆದವಳು.

“ಚಿಗವ್ವ, ಸಂಜಿತನಾ ಇದು ನಿನ್ನ ಹಂತ್ಯಾಕ ಇರ್ಲಿ. ಯಾರಿಗೂ ಮುಟ್ಟಗೊಡಬ್ಯಾಡ.”

“ಕೂಸಿನ ಹಂಗ ನೋಡ್ಕೋತೀನಿ, ನಡಿ. ನಿನ್ನ ಕೊಳವಿ ಏನು ನಾಯಿ ಒಯ್ಯೂದಿಲ್ಲ.”

ನಮ್ಮೂರಲ್ಲಿ ಹೊತ್ತು ಮುಳುಗಿದ ಕೂಡಲೇ ಬೆಂಕಿ ಆರುತ್ತದೆ. ಒಲೆಯ ಬೆಂಕಿ, ಕಮ್ಮಾರನ ಕುಲುಮೆ, ಬೀಡಿಯ ತುದಿ, ಬೂದಿಯಲ್ಲಿ ಮುಚ್ಚಿಟ್ಟ ಕೆಂಡ, ಎಲ್ಲ. ಊರಿನವರಲ್ಲಿ ಯಾರಾದರೊಬ್ಬರ ಕಣ್ಣಿಗೆ ಆಕಾಶದ ಒಂದು ಚುಕ್ಕಿ ಬೀಳುವವರೆಗೆ ಎಷ್ಟು ಕಡ್ಡಿ ಗೀರಿದರೂ ಹತ್ತುವುದಿಲ್ಲ. ಬಿದ್ದ ಮೇಲೆ ಹತ್ತುತ್ತದೆ. ಕಂಡವರು ಮಾಳಿಗೆಯ ಮೇಲಿಂದ ‘ಕಂಡೇ’ ಎಂದು ಕೂಗುತ್ತಾರೆ, ಪಕ್ಕದ ಮಾಳಿಗೆಯವರು ಆ ಕೂಗನ್ನು ಮುಂದಕ್ಕೆ ಸಾಗಿಸುತ್ತಾರೆ, ಮಣ್ಣಿನ ಬುಟ್ಟಿ ದಾಟಿಸಿದ ಹಾಗೆ. ಮೋಡ ಕವಿದ ದಿನ ಬೆಳಗಿನವರೆಗೂ ಒಲೆ ತಣ್ಣಗೆ. ಹೊರಗಿನಿಂದ ಬಂದ ಸೊಸೆಯಂದಿರಿಗೆ ಮೊದಲ ವರ್ಷ ಇದು ಕಷ್ಟ. ಆಮೇಲೆ ಹೊತ್ತಿರುವಾಗಲೇ ರಾತ್ರಿಯ ಅಡುಗೆ ಮುಗಿಸುವುದು, ಮಳೆಗಾಲಕ್ಕೆಂದು ಒಣರೊಟ್ಟಿ, ಚಟ್ನಿಪುಡಿ ಕೂಡಿಡುವುದು, ಕಾಯಿಸಿದ ಇಟ್ಟಿಗೆಯನ್ನು ಅರಿವೆಯಲ್ಲಿ ಸುತ್ತಿ ಹಾಸಿಗೆಯೊಳಗಿಡುವುದು ರೂಢಿಯಾಗುತ್ತದೆ. ಕರೆಂಟು ಬಂದ ಹೊಸದರಲ್ಲಿ ಕೆಲವರು ಕರೆಂಟಿನ ಒಲೆ ತಂದರು. ಅದು ಕೆಂಪಗೇನೋ ಆಗುತ್ತಿತ್ತು, ಮೇಲಿಟ್ಟ ಅಕ್ಕಿ ಮಾತ್ರ ಅಕ್ಕಿಯಾಗಿಯೇ ಕೂತಿರುತ್ತಿತ್ತು. ಈಗ ಅವುಗಳ ಮೇಲೆ ಬೆಕ್ಕುಗಳು ಮಲಗುತ್ತವೆ.

ಚುಕ್ಕಿ ಕಂಡು ಕೂಗಿದವರಿಗೆ ಅವರ ಓಣಿಯ ಮನೆಗಳೆಲ್ಲ ಒಂದೊಂದು ರೊಟ್ಟಿ ಕೊಡಬೇಕು. ಚುಕ್ಕಿರೊಟ್ಟಿ ಎಂದು ಅದರ ಹೆಸರು. ಅದೇ ದಿನ ಕೊಡಬೇಕೆಂದಿಲ್ಲ, ಆದರೆ ಕೊಡದೆ ಮರೆಯುವಂತಿಲ್ಲ. ಯಾರ ಮನೆಯದು ಯಾರಿಗೆ ಬಾಕಿ ಎನ್ನುವುದು ಓಣಿಯ ಎಲ್ಲರ ನಾಲಿಗೆಯ ಮೇಲಿರುತ್ತದೆ. ಜಗಳವಾದಾಗ ಮೊದಲು ಹೊರಬರುವುದೂ ಅದೇ.

ನಾನು ಕೌದಿ ಹೊಲಿಯುವವಳು. ದುರ್ಬೀನು ನನಗೆ ಸಿಕ್ಕಿದ್ದು ಪಾತ್ರೆಯವಳಿಂದ. ವರ್ಷಕ್ಕೊಮ್ಮೆ ಬುಟ್ಟಿ ಹೊತ್ತು ಬಂದು, ಹಳೆಯ ಸೀರೆ ತೆಗೆದುಕೊಂಡು ಪಾತ್ರೆ ಕೊಡುವವಳು. ಅವಳೂ ನಾನೂ ಒಂದು ಲೆಕ್ಕಕ್ಕೆ ಸವತಿಯರು, ಇಬ್ಬರ ಕಣ್ಣೂ ಊರಿನ ಹಳೆಯ ಸೀರೆಗಳ ಮೇಲೆ. ಆ ವರ್ಷ ಅವಳ ಬುಟ್ಟಿಯಲ್ಲಿ ತಂಬಿಗೆಗಳ ನಡುವೆ ತೋಳುದ್ದದ ಹಿತ್ತಾಳೆಯ ಕೊಳವೆಯೊಂದಿತ್ತು. ಯಾವುದೋ ಬಂಗಲೆಯವರು ಹಳೆಯ ಹಿತ್ತಾಳೆಯೆಂದು ಕೊಟ್ಟಿದ್ದರಂತೆ. “ಎರಡೂ ಕಡೆ ಗಾಜು ಕುಂತೈತಿ, ನೀರು ತುಂಬಾಕ ಬರೂದಿಲ್ಲ. ಯಾವ ಊರಾಗೂ ಯಾರೂ ಒಲ್ಲೆ ಅಂತಾರ,” ಎಂದು ಬೇಸರಪಟ್ಟಳು. ನಾನು ಅದನ್ನು ಕಣ್ಣಿಗೆ ಹಿಡಿದೆ. ಅಗಸಿಯ ಬಾಗಿಲ ಬೇವಿನ ಮರ ತಲೆಕೆಳಗಾಗಿ ನನ್ನ ಮೂಗಿನ ಮುಂದೆ ಬಂದು ನಿಂತಿತು. ಅದರಲ್ಲೊಂದು ಕಾಗೆ ಕಾಲು ಮೇಲೆ ಮಾಡಿಕೊಂಡು ಆರಾಮವಾಗಿ ಕೂತಿತ್ತು. ನಾನು ಒಳಗೆ ಹೋಗಿ, ಆಗಷ್ಟೇ ಹೊಲಿದು ಮುಗಿಸಿದ್ದ ದೊಡ್ಡ ಕೌದಿ ತಂದು ಅವಳ ಬುಟ್ಟಿಗಿಟ್ಟೆ. ನನ್ನ ಮನಸ್ಸು ಎಲ್ಲಿ ಬದಲಾದೀತೋ ಎಂದು ಅವಳು ಬೇಗ ಬೇಗ ಎದ್ದು ಹೋದಳು.

ಹುಚ್ಚಿ ಎಂದಿತು ಊರು. ಆದರೆ ಆ ಸಂಜೆ, ಪಡುವಣ ಇನ್ನೂ ಕೆಂಪಗಿರುವಾಗ, ಬರಿಗಣ್ಣಿಗೆ ಏನೂ ಇಲ್ಲದ ಕಡೆ, ಬೆಳ್ಳಿಚುಕ್ಕಿ ಅಕ್ಕಿಕಾಳಿನ ಹಾಗೆ ಕೊಳವೆಯೊಳಗೆ ಬಂದು ನಿಂತಿತು. ‘ಕಂಡೇ’ ಎಂದೆ. ಯಾರೂ ನಂಬಲಿಲ್ಲ. ಕಮ್ಮಾರ ನನ್ನನ್ನು ಅಣಕಿಸಲೆಂದೇ ಕಡ್ಡಿ ಗೀರಿದ, ಅದು ಭಗ್ಗನೆ ಹತ್ತಿ ಅವನ ಮೀಸೆಯ ಅಂಚು ಸುಟ್ಟಿತು. ಅಂದಿನಿಂದ ಊರಿನ ಒಲೆಗಳು ಕತ್ತಲಾಗುವವರೆಗೆ ಕಾಯುವುದು ತಪ್ಪಿತು. ದುರ್ಬೀನು ಎಲ್ಲವನ್ನೂ ತಲೆಕೆಳಗೆ ತೋರಿಸುತ್ತದಂತಲ್ಲ ಎಂದು ಕೇಳಿದವರಿಗೆ ನಾನು ಹೇಳುತ್ತಿದ್ದೆ, ಚುಕ್ಕಿಗೆ ತಲೆ ಯಾವುದು, ಕಾಲು ಯಾವುದು.

ಅದನ್ನು ಸಾಕುವುದು ಕಲಿಯಲು ಹಿಡಿದ ಹೊತ್ತು ಬೇರೆ. ಮೊದಲ ಮಳೆಗಾಲ ಗಾಜಿನ ಒಳಮೈಗೆ ಜೇಡರ ಬಲೆಯಂಥ ಬೂಷ್ಟು ಹಿಡಿಯಿತು. ಸಂತೆಯ ದಾರಿಯಲ್ಲಿ ಚಷ್ಮಾದ ಅಂಗಡಿಯಿಟ್ಟ ಕಾಸೀಮಣ್ಣ ಅದನ್ನು ಬಿಚ್ಚಿ ಒರೆಸಿಕೊಟ್ಟು, ಹುರಿದ ಅಕ್ಕಿಯ ಗಂಟನ್ನು ಪೆಟ್ಟಿಗೆಯಲ್ಲಿಡಲು ಹೇಳಿದ. ಅದು ತೇವ ಕುಡಿಯುತ್ತದೆ, ವಾರಕ್ಕೊಮ್ಮೆ ಮತ್ತೆ ಹುರಿಯಬೇಕು. ಧೂಳು ಕಂಡ ಕೂಡಲೇ ಸೆರಗು ಹಚ್ಚಬಾರದು. ಮೊದಲು ರಬ್ಬರಿನ ಬುರುಡೆಯಿಂದ ಗಾಳಿ ಊದಬೇಕು, ಅದಕ್ಕೂ ಹೋಗದಿದ್ದರೆ ನೂರು ಸಲ ಒಗೆದು ಮೆತ್ತಗಾದ ಸೀರೆಯ ತುಂಡಿನಿಂದ, ನಡುವಿನಿಂದ ಅಂಚಿಗೆ, ಮಲಗಿದ ಕೂಸಿನ ಮುಖ ಒರೆಸಿದ ಹಾಗೆ. ಹೊರಗಿನ ಥಂಡಿಯಿಂದ ಬೆಚ್ಚಗಿನ ಒಳಮನೆಗೆ ನೇರ ತಂದರೆ ಗಾಜು ಬೆವರುತ್ತದೆ, ಚೀಲದಲ್ಲೇ ಸ್ವಲ್ಪ ಹೊತ್ತು ಪಡಸಾಲೆಯಲ್ಲಿ ಕೂಡಿಸಬೇಕು. ಮುಂದಿನ ದೊಡ್ಡ ಗಾಜು ಒಂದಲ್ಲ, ಒಂದರ ಬೆನ್ನಿಗೊಂದು ಅಂಟಿ ಕೂತ ಜೋಡಿ. “ಇವು ಗಂಡ-ಹೆಂಡ್ತಿ ಇದ್ದಂಗ ಅಕ್ಕಾ,” ಎಂದಿದ್ದ ಕಾಸೀಮಣ್ಣ. “ನಡುವ ಕೈ ಹಾಕಿ ಬ್ಯಾರೆ ಮಾಡಿದ್ರ, ಮತ್ತ ಮೊದಲಿನಂಗ ಕೂಡೂದಿಲ್ಲ. ನಾವು ಮ್ಯಾಲ ಮ್ಯಾಲ ಒರಸಬೇಕು, ಸುಮ್ಕಿರಬೇಕು.” ಅವನು ಹೇಳಿದ್ದೆಲ್ಲ ಸರಿ ಹೋಗುತ್ತಿತ್ತೆಂದಲ್ಲ. ಎಳೆದು ನೀಡುವ ಕೊಳವೆಗೆ ಎಳ್ಳೆಣ್ಣೆ ಹಚ್ಚಲು ಹೇಳಿದವನೂ ಅವನೇ. ಧೂಳು ಮೆತ್ತಿ ಅದು ಗಾಣದ ಹಾಗೆ ಕಿರುಗುಟ್ಟಿತು. ಕೊಳವೆ ಕೂಡಿಸಲೆಂದು ಬಡಿಗೇರ ಮೂರು ಕಾಲಿನ ಕಟ್ಟಿಗೆಯ ಕುದುರೆಯೊಂದನ್ನು ಮಾಡಿಕೊಟ್ಟ. ನಾನು ಏಳು ಬಣ್ಣದ ಚೂರುಗಳಿಂದ ದುರ್ಬೀನಿಗೊಂದು ಚೀಲ ಹೊಲಿದೆ. ಮಕ್ಕಳಿಲ್ಲದ ಮನೆಯಲ್ಲಿ ಅಷ್ಟು ಚಂದದ ಕುಂಚಿಗೆ ಯಾರಿಗೆಂದು ಒಂದಿಬ್ಬರು ಆಡಿಕೊಂಡದ್ದು ನನ್ನ ಕಿವಿಗೂ ಬಿತ್ತು. ಆಡಿಕೊಳ್ಳಲಿ ಎಂದುಕೊಂಡೆ.

ಅಂಥದ್ದನ್ನು ಆ ಬೆಳಿಗ್ಗೆ ಚಿಗವ್ವನ ಕೈಗೆ ಕೊಟ್ಟು ಬಂದಿದ್ದೆ.

ಸಂಜೆ ಕಾಲಿನ ಮಣ್ಣು ತೊಳೆದುಕೊಂಡು ಹೋದಾಗ ಚಿಗವ್ವ ಹಿತ್ತಲ ಕಲ್ಲಿನ ಮೇಲೆ ಕಾಲು ಚಾಚಿ ಕೂತಿದ್ದಳು. ಮಡಿಲಲ್ಲಿ ದುರ್ಬೀನು. ಪಕ್ಕದಲ್ಲಿ ಹುಣಸೆಹಣ್ಣು ನೆನೆಸಿದ ಬಟ್ಟಲು, ಬೂದಿಯ ಗುಡ್ಡೆ, ತೆಂಗಿನ ನಾರು. ಕೊಳವೆ ಮದುವೆಮನೆಯ ಹಂಡೆಯ ಹಾಗೆ ಥಳಥಳಿಸುತ್ತಿತ್ತು. ಅವಳ ಮುಖವೂ ಹಾಗೆಯೇ ಇತ್ತು.

“ಬಾ, ನೋಡು. ಎಷ್ಟು ಕಿಲುಬು ಹಿಡಿದಿತ್ತು. ಹಿತ್ತಾಳಿ ಇಟ್ಕೊಂಡಾಕಿ ಹಿಂಗ ಇಡ್ತಾಳೇನ ಸಾವಂತ್ರಿ? ನೋಡಿ ಜೀವ ಮರುಗ್ತು ನನಗ.”

ನಾನು ಅದನ್ನು ತೆಗೆದುಕೊಂಡು ಮುಂದಿನ ಗಾಜನ್ನು ಬೆಳಕಿಗೆ ತಿರುಗಿಸಿದೆ. ಗಾಜು ಬೆಳ್ಳಗೆ ಮಂಜು ಕವಿದಂತಾಗಿತ್ತು. ಸುತ್ತಲೂ ಗೀರು, ಗೀರಿನ ಮೇಲೆ ಗೀರು.

“ಗಾಜನ್ನೂ ತಿಕ್ಕಿಯೇನ ಚಿಗವ್ವ?”

“ಮತ್ತ? ಅದಕ್ಕ ಹೆಚ್ಚು ಹೊತ್ತು ಹಿಡೀತು. ಏನೋ ನೀಲಿ ಜಿಡ್ಡು ಕುಂತಿತ್ತು ನೋಡು, ಜಪ್ಪಯ್ಯ ಅಂದ್ರೂ ಹೋಗವಲ್ದು. ಕೂಸು ಅಂದ ಮ್ಯಾಲ ಮೈ ತೊಳೀಬೇಕಲ್ಲ.”

ಅವಳು ತನ್ನ ಎರಡೂ ಕೈಗಳನ್ನು ನನ್ನ ಮುಂದೆ ಹಿಡಿದಳು. ವಾಯು ಹಿಡಿದು ಬೆರಳುಗಳು ಒಣಗಿದ ಶುಂಠಿಯ ಹಾಗೆ ಡೊಂಕಾಗಿದ್ದವು, ಬೂದಿಗೆ ಬೆಳ್ಳಗಾಗಿದ್ದವು. “ಕೈ ಹಿಂಗಾದಾಗಿಂದ ನಿನಗ ಒಂದ ಚುಕ್ಕಿರೊಟ್ಟಿ ಬಡದು ಕೊಟ್ಟಿಲ್ಲ ನಾ. ಹ್ವಾದ ಸುಗ್ಗಿಯಿಂದ ಬಾಕಿ ಉಳದಾವ. ಕಲ್ಲವ್ವ ಬಸರಿ, ಕುಂದ್ರಾಕ ಬರೂದಿಲ್ಲ ಆಕಿಗೆ. ಅಳಿಯಾ ಬಡೀತಾನ ಖರೆ, ಅಂವ ಬಡದ ರೊಟ್ಟಿ ಎತ್ತಿನ ಮುಂದ ಇಡಾಕೂ ನಾಚಿಕಿ. ಬಡ್ಯಾಕ ಬರದಿದ್ರ ಏನಾತು, ತಿಕ್ಕಾಕ ಬರ್ತದಲ್ಲ. ಇವತ್ತಿಗೆ ನಂದೆಲ್ಲಾ ಚುಕ್ತಾ ಅಂತ ತಿಳಕೋ.”

ಅಳಿಯ ಬಸನಿಂಗ ಬಾಗಿಲಲ್ಲಿ ನಿಂತು ನಗುತ್ತಿದ್ದ. ಅವನು ಮನೆಯಳಿಯ, ಕಲ್ಲವ್ವನ ಗಂಡ. ಅತ್ತೆಯ ಬೈಗುಳವೆಂದರೆ ಅವನಿಗೆ ಊಟದ ಉಪ್ಪಿನಕಾಯಿ.

“ಆತು ಚಿಗವ್ವ,” ಎಂದೆ. “ಎಲ್ಲಾ ಚುಕ್ತಾ ಆತು.”

ನನ್ನ ದನಿಯಲ್ಲಿ ಏನಿತ್ತೋ, ಬಸನಿಂಗನ ನಗು ನಿಂತಿತು. ಚಿಗವ್ವನಿಗೆ ತಿಳಿಯಲಿಲ್ಲ. ಅವಳು ನಾರನ್ನು ಹಿಂಡಿ ಬಿಸಿಲಿಗೆ ಹಾಕುತ್ತಿದ್ದಳು. ಆ ಸಂಜೆ ನಾನು ಮಾಳಿಗೆ ಹತ್ತಿ ಬೆಳ್ಳಿಚುಕ್ಕಿಯ ಕಡೆ ಕೊಳವೆ ತಿರುವಿದರೆ, ಹಾಲು ಚೆಲ್ಲಿದ ನೆಲದ ಹಾಗೆ ಬರಿ ಬಿಳುಪು. ಊರು ಮೊದಲಿನಂತೆ ಕತ್ತಲಾಗುವವರೆಗೆ ಕಾಯಿತು. ಮೇಲೋಣಿಯವರು ಯಾರೋ ಕಂಡು ಕೂಗಿದರು. ಒಲೆ ಹೊತ್ತಿಸಿ ನಾನು ದುರ್ಬೀನನ್ನು ಚೀಲಕ್ಕೆ ಸೇರಿಸಿದೆ.

ಬೆಳಗಾದ ಮೇಲೆ ಚಷ್ಮಾದ ಅಂಗಡಿಯಲ್ಲಿ ಕಾಸೀಮಣ್ಣ ಗಾಜನ್ನು ಕಣ್ಣ ಹತ್ತಿರ ಹಿಡಿದು, ದೂರ ಹಿಡಿದು, ಮತ್ತೆ ಹತ್ತಿರ ಹಿಡಿದು ನೋಡಿದ.

“ಯಾರ ಕೈ ಅಕ್ಕಾ ಇದು?”

“ನನ್ನ ಕೈಲೆ ಆತು.”

“ನಿಮ್ಮ ಕೈ ಹಿಂಗ ಮಾಡೂದಿಲ್ಲ,” ಎಂದು ಅವನು ಹೆಚ್ಚು ಕೆದಕಲಿಲ್ಲ. “ಇದನ್ನ ಮತ್ತ ಪಾಲಿಶ್ ಮಾಡೋರು ಈ ಸೀಮಿಯಾಗ ಯಾರೂ ಇಲ್ಲ. ನನ್ನ ಚಷ್ಮಾದ ಗಾಜು ತಂದು ಕೂಡಿಸೋಣು ಅಂದ್ರ ಕುಂಟನ ಕಾಲು ಕುರುಡಗ ಕಟ್ಟಿದಂಗ.” ಹಾಗೆನ್ನುತ್ತಲೇ ಅವನು ಅದನ್ನು ಅಂಗಡಿಯ ಬಾಗಿಲಿನ ಬೆಳಕಿಗೆ ಎತ್ತಿ ಹಿಡಿದ. ಆಗ ನನಗದು ಕಂಡಿತು. ಅಷ್ಟೂ ಮಬ್ಬಿನ ನಡುವೆ, ಅಂಚಿಗೆ ಹತ್ತಿಕೊಂಡು, ಒಂದೇ ಒಂದು ಕಡೆ ಗಾಜು ಬಾವಿಯ ನೀರಿನಷ್ಟು ತಿಳಿಯಾಗಿತ್ತು. ಉದ್ದಕ್ಕೆ, ಕೆಳಗೆ ದುಂಡಗೆ, ಮೇಲೆ ಸ್ವಲ್ಪ ಸಣ್ಣಗೆ. ಮೊದಲು ಅದೇನು ಆಕಾರವೆಂದು ತಿಳಿಯಲಿಲ್ಲ. ಆಮೇಲೆ ತಿಳಿಯಿತು. ತಿಕ್ಕುವಾಗ ಕೊಳವೆ ಜಾರದಂತೆ ಚಿಗವ್ವ ಆ ಜಾಗದಲ್ಲಿ ಹೆಬ್ಬೆರಳನ್ನು ಒತ್ತಿ ಹಿಡಿದಿದ್ದಳು. ಡೊಂಕು ಬೆರಳು, ಒಮ್ಮೆ ಕೂತಲ್ಲಿಂದ ಬೇಗ ಏಳುವಂಥದ್ದಲ್ಲ. ನಾರು ಅದರ ಸುತ್ತ ಓಡಾಡಿತ್ತು, ಅದರ ಕೆಳಗೆ ಹೋಗಿರಲಿಲ್ಲ.

“ಅಷ್ಟರಾಗ ನೋಡಬೇಕು ಇನ್ನ,” ಎಂದ ಕಾಸೀಮಣ್ಣ. “ಆದ್ರ ಸುತ್ತಿನ ಮಬ್ಬು ಬೆಳಕನ್ನ ಚೆಲ್ಲಾಡಿ ಅದನ್ನೂ ಕೆಡಸ್ತದ.”

ಮಾರನೆಯ ದಿನವೇ ಮಿರಗ ಊರೊಳಗೆ ಬಂತು. ಅದರ ಹಿಂದೆ ಆರಿದ್ರಿ ಬಂತು. ಚುಕ್ಕಿಗಳ ಹೆಸರಿಟ್ಟುಕೊಂಡ ಮಳೆಗಳೇ ಚುಕ್ಕಿಗಳನ್ನು ಮುಚ್ಚುತ್ತವೆ ಎಂದು ನಮ್ಮತ್ತೆ ಹೇಳುತ್ತಿದ್ದಳು. ಬೇರೆ ವರ್ಷಗಳಲ್ಲಾದರೆ ಮೋಡದ ಒಂದು ಬಿರುಕು ಸಾಕು, ಕಣ್ಣಿಗೆ ಕಾಣದ್ದನ್ನು ದುರ್ಬೀನು ಹೆಕ್ಕಿ ತೆಗೆಯುತ್ತಿತ್ತು. ಈ ಸಲ ಸಂಜೆಯ ಮೇಲೆ ಸಂಜೆ ಊರು ಒಣರೊಟ್ಟಿ ಕಡಿಯಿತು. ಓಣಿಯವರು ಬಾಗಿಲಿಗೆ ಬಂದು, “ದುರ್ಬೀನು ಏನಾತ ಸಾವಂತ್ರಿ?” ಎಂದರೆ, “ಮಳಿ ಹೆಚ್ಚ ಐತಿ,” ಎನ್ನುತ್ತಿದ್ದೆ. ಹೆಸರು ಹೇಳಿದ್ದರೆ ಮುಗಿಯಿತು, ತಣ್ಣನೆಯ ಪ್ರತಿ ತುತ್ತಿಗೂ ಆ ಮುದುಕಿಯನ್ನು ನೆನೆಯುತ್ತಿದ್ದರು. ಅಷ್ಟನ್ನು ಮಾಡಲು ಮನಸ್ಸು ಬರಲಿಲ್ಲ. ಅವಳ ಮನೆಗೆ ಹೋಗಲೂ ಬರಲಿಲ್ಲ. ನಡುಗೋಡೆಯ ಆಚೆ ಅವಳು ಕೆಮ್ಮುವುದು, ಸಂಜೆಗೆ ಮೊದಲು ಇಟ್ಟಿಗೆಗಳನ್ನು ಒಲೆಗೆ ಜೋಡಿಸುವ ಸಪ್ಪಳ, ಕಲ್ಲವ್ವನಿಗೆ ಕಷಾಯ ಕುಡಿ, ಪಲ್ಯ ತಿನ್ನು ಎನ್ನುವ ರಗಳೆ, ಎಲ್ಲ ಕೇಳುತ್ತಿತ್ತು. ಒಂದು ದಿನ ಅವಳು ಗೋಡೆಗೆ ಬಾಯಿಟ್ಟೇ ಕೇಳಿದಳು.

“ಏ ಸಾವಂತ್ರಿ, ಸತ್ತೀಯೋ ಇದ್ದೀಯೋ?”

“ಇದ್ದೀನಿ.”

“ಇದ್ದಾಕಿ ಬರೂದಿಲ್ಲೇನು?”

“ಕೆಲಸ ಐತಿ ಚಿಗವ್ವ.”

ಕೆಲಸ ಇತ್ತು, ಸುಳ್ಳಲ್ಲ. ಯಾರದೋ ಕೌದಿಗೆ ಬೆಂಕಿ ಸಿಡಿದು ತೂತು ಬಿದ್ದಿತ್ತು. ತೂತಿನ ಮೇಲೆ ತೇಪೆಯಿಟ್ಟು ಸೂಜಿ ಹಾಕುತ್ತಿದ್ದೆ. ಹಾಕುತ್ತ ಹಾಕುತ್ತ ನನ್ನ ಕೈ ನಿಂತಿತು. ಇಷ್ಟು ವರ್ಷ ತೂತನ್ನು ಮುಚ್ಚಿದ್ದೆ. ತೂತನ್ನು ಬಿಟ್ಟು ಉಳಿದದ್ದನ್ನು ಮುಚ್ಚಿದರೆ? ಎದ್ದು, ಪೆಟ್ಟಿಗೆಯ ತಳದಿಂದ ದಪ್ಪ ಕಪ್ಪು ಬಟ್ಟೆ ತೆಗೆದೆ. ಎರಡು ಮಡಿಕೆ ಮಾಡಿ, ಮುಂದಿನ ಗಾಜನ್ನು ಹಿಡಿದ ಹಿತ್ತಾಳೆ ಬಳೆಯ ಅಳತೆಗೆ ದುಂಡಗೆ ಕತ್ತರಿಸಿದೆ. ಅಂಚಿನ ಹತ್ತಿರ, ತಿಳಿಯಾದ ಆ ಜಾಗಕ್ಕೆ ಸರಿಯಾಗಿ ಒಂದು ತೂತು ಬಿಟ್ಟು, ಎಳೆ ಬಿಚ್ಚದಂತೆ ಸುತ್ತ ಒತ್ತೊತ್ತಾಗಿ ಹೊಲಿದೆ, ಅಂಗಿಯ ಕಾಜ ಹೊಲಿದ ಹಾಗೆ. ಆದರೆ ಅದನ್ನು ಹಾಕಿ ನೋಡಲು ಆಕಾಶ ಬಿಡಬೇಕಲ್ಲ. ಮಳೆ ಬಿಡಲಿಲ್ಲ.

ಕಲ್ಲವ್ವನಿಗೆ ಬೇನೆ ಬಂದದ್ದು ತಿಂಗಳು ತುಂಬುವ ಮೊದಲೇ. ಮಧ್ಯಾಹ್ನ ಸೂಲಗಿತ್ತಿ ಓಡಿ ಬಂದಳು, ಹೊತ್ತು ಇಳಿಯುವುದರೊಳಗೆ ಹೆಣ್ಣು ಕೂಸು ಹುಟ್ಟಿತು. ಗೋಡೆಗೆ ಕಿವಿಯಿಟ್ಟಿದ್ದ ನನಗೆ ಅದರ ಅಳು ಕೇಳಿತು, ತೀರ ಸಣ್ಣದು, ಬೆಕ್ಕಿನ ಮರಿಯದರಷ್ಟು. ಓಣಿಯವರು ತಮ್ಮ ತಮ್ಮ ಒಲೆಯಲ್ಲಿ ಕಾಯುತ್ತಿದ್ದ ಇಟ್ಟಿಗೆಗಳನ್ನು ಗೋಣಿತಟ್ಟಿನಲ್ಲಿ ಹೊತ್ತು ತಂದರು. ನಾನು ನನ್ನಲ್ಲಿದ್ದ ಅತಿ ಮೆತ್ತನೆಯ ಕೌದಿಯನ್ನು ಬಸನಿಂಗನ ಕೈಯಲ್ಲಿ ಕಳಿಸಿದೆ. ಹೊತ್ತು ಮುಳುಗಿತು. ಬಾಣಂತಿಯ ಮಂಚದ ಕೆಳಗಿನ ಕೆಂಡ ಕಪ್ಪಾಯಿತು. ಸ್ವಲ್ಪ ಹೊತ್ತಿಗೆ ಬಸನಿಂಗ ನನ್ನ ಬಾಗಿಲಲ್ಲಿ ನಿಂತಿದ್ದ. ಆ ನಗೆಮುಖದವನನ್ನು ನಾನು ಹಾಗೆ ಎಂದೂ ಕಂಡಿರಲಿಲ್ಲ.

“ಅಕ್ಕಾ, ಇಟ್ಟಂಗಿ ಆರಾಕತ್ತಾವು. ಕೂಸಿನ ಕಾಲು ತಣ್ಣಗಾಗ್ಯಾವ. ಕೆಂಡ ಇಲ್ಲದ ಬೆಳಗ ಆಗೂದಿಲ್ಲ ಅಂತಾಳ ಸೂಲಗಿತ್ತಿ. ಏನರ ಮಾಡಾಕ ಬರ್ತದೇನ?”

ಮಳೆ ಆಗಷ್ಟೇ ನಿಂತಿತ್ತು. ಗಾಳಿ ಜೋರಾಗಿ ಮೋಡಗಳನ್ನು ಅಟ್ಟುತ್ತಿತ್ತು. “ಕಡ್ಡಿಪೆಟ್ಟಿಗಿ ಇದ್ದಷ್ಟೂ ತೊಗೊಂಡು ಅಗ್ಗಿಷ್ಟಿಗಿ ಮುಂದ ಕುಂದ್ರು. ಗೀರಕೋಂತ ಇರು, ನಿಲ್ಲಿಸಬ್ಯಾಡ,” ಎಂದು ಹೇಳಿ, ಹೊಲಿದಿಟ್ಟಿದ್ದ ಕಪ್ಪು ತೇಪೆಯನ್ನು ಗಾಜಿನ ಮೇಲೆ ಕೂಡಿಸಿ, ದುರ್ಬೀನನ್ನು ಬೆನ್ನಿಗೆ ಕಟ್ಟಿಕೊಂಡು ಮಾಳಿಗೆ ಹತ್ತಿದೆ.

ಮೇಲೆ ಕುದುರೆಯನ್ನು ನಿಲ್ಲಿಸಿದರೆ ಅದರ ಮೂರು ಕಾಲೂ ಹೊಸ ಮಣ್ಣಿನಲ್ಲಿ ಹೂತು ವಾಲಿತು. ಅಷ್ಟು ಪ್ರೀತಿಯಿಂದ ಓಣಿಯೆಲ್ಲ ಸೇರಿ ತುಳಿದ ಮಣ್ಣು ಕೆಸರಾಗಿತ್ತು. ಕೊನೆಗೆ ಕುದುರೆಯನ್ನು ಬದಿಗಿಟ್ಟು ದುರ್ಬೀನನ್ನು ಎರಡೂ ತೋಳಲ್ಲಿ ತಬ್ಬಿ, ಮಾಳಿಗೆಯ ಗಿಡ್ಡ ಗೋಡೆಗೆ ಒತ್ತಿ ಹಿಡಿದೆ. ಹಿಡಿದರೆ ಕಣ್ಣಿಡಲಾಗದು, ಕಣ್ಣಿಟ್ಟರೆ ಗಾಳಿಗೆ ಕೈ ನಡುಗುತ್ತಿತ್ತು. ಅಷ್ಟರಲ್ಲಿ ನಿಚ್ಚಣಿಕೆ ಕಿರುಗುಟ್ಟಿತು. ಮೊದಲು ಡೊಂಕು ಬೆರಳುಗಳು ಬಂದವು, ಆಮೇಲೆ ಬಿಳಿ ತಲೆ, ಆಮೇಲೆ ಏದುಸಿರು.

“ಚಿಗವ್ವ, ಬಿದ್ದೀ ಎಲ್ಲೆರ. ಕೆಳಗ ಇಳಿ.”

“ಹತ್ತಾಕ ಇಷ್ಟ ಹೊತ್ತು ಹಿಡೀತು, ಈಗ ಇಳಿ ಅಂತಿ.” ಅವಳು ಕೆಸರಿನಲ್ಲೇ ಮೊಣಕಾಲೂರಿ ನನ್ನ ಹತ್ತಿರ ಬಂದಳು. “ಗಾಜು ನಾ ಕೆಡಿಸೀನಂತ. ಬಸನಿಂಗ ಈಗ ಹೇಳಿದ. ನೀ ಯಾಕ ಹೇಳಲಿಲ್ಲ?”

“ಹೇಳಿದ್ರ ಏನ ಮಾಡ್ತಿದ್ದಿ?”

“ಅಳ್ತಿದ್ದೆ,” ಎಂದಳು ಚಿಗವ್ವ. “ಈಗ ಅಳಾಕ ಹೊತ್ತಿಲ್ಲ. ಎಲ್ಲಿ ಕಣ್ಣು ಇಡಬೇಕು?”

“ನಿನಗ ಕಾಣೂದಿಲ್ಲ ಚಿಗವ್ವ. ಓಣಿಯಾಗ ಎದುರಿಗೆ ಬಂದವರ ಗುರ್ತ ಸಿಗೂದಿಲ್ಲ ನಿನಗ.”

“ನಿನಗ ಎರಡ ಕೈ ಸಾಲವಲ್ವು. ಸುಮ್ಕ ಹಿಡಿ.”

ಬೇರೆ ದಾರಿ ಇರಲಿಲ್ಲ. ಹುಣಸೆ ಮರದ ತಲೆಯ ಮೇಲೆ ಒಂದು ಗೇಣು, ಅಲ್ಲಿ ಬೆಳ್ಳಿಚುಕ್ಕಿ ಇರಬೇಕು. ಕೊಳವೆಯ ಬೆನ್ನ ಮೇಲಿಂದ ಕಣ್ಣಳತೆಯಲ್ಲಿ ಆ ಕಡೆ ಗುರಿ ಹಿಡಿದೆ. ಗುರುಸಿದ್ದವ್ವ ಒಂದು ಕಣ್ಣನ್ನು ಅಂಗೈಯಿಂದ ಮುಚ್ಚಿಕೊಂಡು ಇನ್ನೊಂದನ್ನು ಗಾಜಿಗಿಟ್ಟಳು. ಸಣ್ಣ ಕೊಳವೆಯನ್ನು ಎಳೆಯಲು ಹೇಳಿದೆ. ಮಂದವಾದ ಕಣ್ಣಿಗೂ ದುರ್ಬೀನು ಚಷ್ಮಾ ಕೇಳುವುದಿಲ್ಲ, ಕೊಳವೆ ಎಷ್ಟು ನೀಡಬೇಕೆಂಬುದಷ್ಟೇ ಬೇರೆ.

“ಎಳಿ. ಇನ್ನಾ ಎಳಿ. ಏನ ಕಾಣಸ್ತದ?”

“ಮೋಡ. ಅರಳಿ ಹಿಂಜಿ ಒಗದಂಗ.”

“ನೋಡಕೋಂತ ಇರು. ನಾ ನಿಧಾನ ಸರಸ್ತೀನಿ.”

“ಮೋಡ... ಮೋಡ... ಈಗ ಕರ್ರಗಾತು. ಒಂದು ಕಡೆ ಹರಿದೈತಿ.”

ಕೆಳಗೆ ಬೆಳಕಿಂಡಿಯಿಂದ ಬಸನಿಂಗ ಕಡ್ಡಿ ಗೀರುವ ಸಪ್ಪಳ ಕೇಳುತ್ತಿತ್ತು. ಚರ್ರ್, ಸುಮ್ಮನೆ. ಚರ್ರ್, ಸುಮ್ಮನೆ. ಕೂಸಿನ ದನಿ ಇರಲಿಲ್ಲ. ನನ್ನ ತೋಳು ಸೋತು ಬರುತ್ತಿತ್ತು, ಆದರೂ ಕೂದಲೆಳೆಯಷ್ಟು ಕೂದಲೆಳೆಯಷ್ಟಾಗಿ ಕೊಳವೆಯನ್ನು ಬಡಗಣಕ್ಕೆ ಸರಿಸಿದೆ.

“ತಡಿ,” ಎಂದಳು ಚಿಗವ್ವ.

ಕೊಳವೆಯನ್ನು ಅಲ್ಲೇ ಗೋಡೆಗೆ ಒತ್ತಿ ನಿಲ್ಲಿಸಿದೆ.

“ಏನೋ ಐತಿ. ಬಿಳಿಜ್ವಾಳದ ಕಾಳಿನಂಗ. ನಡಗಾಕತ್ತೈತಿ. ಸಾವಂತ್ರಿ, ಇದಕ್ಕೂ ಥಂಡಿ ಹತ್ತೇತೇನ?”

ಅವಳ ಮಾತು ಮುಗಿಯುವ ಮೊದಲೇ ಬೆಳಕಿಂಡಿ ಕೆಂಪಾಯಿತು. “ಹತ್ತಿತು, ಅಕ್ಕಾ, ಹತ್ತಿತು,” ಎಂದ ಬಸನಿಂಗ ಕೆಳಗಿನಿಂದ. ಚಿಗವ್ವ ಮಾತ್ರ ಗಾಜಿನಿಂದ ಕಣ್ಣು ತೆಗೆಯಲಿಲ್ಲ. ಎಷ್ಟು ವರ್ಷಗಳಿಂದ ಅವಳು ಚುಕ್ಕಿ ಕಂಡಿರಲಿಲ್ಲವೋ ನಾನು ಎಂದೂ ಕೇಳಿರಲಿಲ್ಲ.

“ಕೂಗು ಚಿಗವ್ವ.”

“ನಾ ಯಾಕ ಕೂಗಲಿ? ಕೊಳವಿ ನಿಂದು, ಹಿಡಿದಾಕಿ ನೀ.”

“ಕಂಡಾಕಿ ನೀ. ಕಂಡವರ ಕೂಗಬೇಕು. ಓಣಿ ಕಾಯಾಕತ್ತೈತಿ.”

“ನನಗ ನಾಚಿಕಿ ಬರ್ತೈತಿ.”

“ಕೂಸು ಕೆಳಗಿಂದು ಒಂದ ಅಂತ ತಿಳದಿಯೇನ? ಊರಾಗ ಇನ್ನ ಎಷ್ಟು ಕೂಸು ಥಂಡ್ಯಾಗ ಕುಂತಾವು.”

ಅವಳು ಸೆರಗು ಸರಿಮಾಡಿಕೊಂಡು ಎದ್ದು ನಿಂತಳು, ಯಾರೋ ಫೋಟೋ ತೆಗೆಯುತ್ತಾರೇನೋ ಎಂಬಂತೆ. “ಕಂಡೇ,” ಎಂದಳು. ದನಿ ಅರ್ಧ ಗಾಳಿಗೆ ಹೋಯಿತು. ಗಂಟಲು ಕೆಮ್ಮಿ ಇನ್ನೊಮ್ಮೆ ಕೂಗಿದಳು. ಎದುರು ಮಾಳಿಗೆಯವರು ಅದನ್ನು ಎತ್ತಿಕೊಂಡರು, ಅವರಿಂದ ಆಚೆಯವರು, ಹಾಗೇ ಮೇಲೋಣಿಗೆ, ಅಗಸಿಗೆ. ಊರಿನ ಬೆಳಕಿಂಡಿಗಳು ಒಂದೊಂದಾಗಿ ಕೆಂಪಾದವು. ನಾವು ಇಳಿದು ಹೋಗುವಾಗ ಮಂಚದ ಕೆಳಗೆ ಕೆಂಡ ತುಂಬಿತ್ತು, ಸೂಲಗಿತ್ತಿ ಕೂಸಿನ ಅಂಗಾಲನ್ನು ತನ್ನ ಅಂಗೈಯಿಂದ ತಿಕ್ಕುತ್ತಿದ್ದಳು. ಅದು ಬಾಯಿ ತೆರೆದು, ಈ ಸಲ ಬೆಕ್ಕಿನ ಮರಿಯ ಹಾಗಲ್ಲ, ಗುರುಸಿದ್ದವ್ವನ ಮೊಮ್ಮಗಳ ಹಾಗೆಯೇ ಅತ್ತಿತು.

ಆಮೇಲಿನ ದಿನಗಳಲ್ಲಿ ಓಣಿಯ ಮನೆಗಳಿಂದ ಚಿಗವ್ವನ ಮನೆಗೆ ಚುಕ್ಕಿರೊಟ್ಟಿಗಳು ಬಂದವು. ಎಳ್ಳು ಹಚ್ಚಿದವು, ಹಾಳೆಯಂತೆ ತೆಳ್ಳಗಿನವು, ಬೆಣ್ಣೆ ಸವರಿದವು. ಬಾಣಂತಿಯ ಮನೆ, ಬಡಿಯುವ ಕೈಯಿಲ್ಲದ ಮನೆ, ಬರುವ ಹೊತ್ತಿಗೆ ಸರಿಯಾಗಿ ಬಂದವು. ಬಸನಿಂಗ ಮಾತ್ರ ತನ್ನ ಕೈಯ ರೊಟ್ಟಿಯನ್ನು ಯಾರೂ ಕೇಳುವವರಿಲ್ಲವೆಂದು ಮುಖ ಸಣ್ಣದು ಮಾಡಿಕೊಂಡ. ಗಾಜನ್ನು ಕೆಡಿಸಿದವಳು ಯಾರೆಂಬುದು ಅಷ್ಟರಲ್ಲಿ ಎಲ್ಲರಿಗೂ ತಿಳಿದಿತ್ತು. ಆದರೆ ಚುಕ್ಕಿರೊಟ್ಟಿ ಕೊಟ್ಟವರ ಬಾಯಲ್ಲಿ ಬೈಗುಳ ಬರುವುದು ನಮ್ಮಲ್ಲಿ ಪದ್ಧತಿಯಿಲ್ಲ.

ನಾನು ಆ ಕಪ್ಪು ತೇಪೆಯನ್ನು ತೆಗೆಯಲಿಲ್ಲ. ಅದರಲ್ಲಿ ಮೊದಲಿನಷ್ಟು ಕಾಣುವುದಿಲ್ಲ, ಸಣ್ಣ ಚುಕ್ಕಿಗಳು ಜಾರಿ ಹೋಗುತ್ತವೆ. ಒಲೆಗೆ ಬೇಕಾದದ್ದು ಒಂದೇ ತಾನೆ.

ಈಗ ಶುಕ್ರವಾರ ಶುಕ್ರವಾರ ಚಿಗವ್ವ ಹುಣಸೆಹಣ್ಣಿನ ಬಟ್ಟಲು ಹಿಡಿದು ನನ್ನ ಹಿತ್ತಲಿಗೆ ಬರುತ್ತಾಳೆ. ಬೇಡವೆಂದರೆ ಕೇಳುವವಳಲ್ಲ. ನಾನು ಮೊದಲು ಗಾಜಿನ ಬಳೆಯನ್ನು ತಿರುವಿ ಬಿಚ್ಚಿ, ಒಳಗಿನ ಜೋಡಿಯನ್ನು ಬೇರೆ ಮಾಡದೆ, ಮೆತ್ತನೆಯ ಅರಿವೆಯಲ್ಲಿ ಸುತ್ತಿ ನನ್ನ ಮಡಿಲಲ್ಲಿಟ್ಟುಕೊಳ್ಳುತ್ತೇನೆ. ಆಮೇಲೆ ಬರಿ ಕೊಳವೆಯನ್ನು ಅವಳಿಗೆ ಕೊಡುತ್ತೇನೆ. ಅವಳು ಮೊಮ್ಮಗಳನ್ನು ಚಾಚಿದ ಕಾಲ ಮೇಲೆ ಮಲಗಿಸಿಕೊಂಡು, ಅದನ್ನು ತೂಗುತ್ತ, ಇದನ್ನು ತಿಕ್ಕುತ್ತಾಳೆ. ಮೊನ್ನೆ ತಿಕ್ಕುವುದನ್ನು ನಿಲ್ಲಿಸಿ ನನ್ನ ಮಡಿಲ ಕಡೆ ಬಗ್ಗಿದಳು.

“ತೇಪಿ ಹಾಕಿದಾಕಿ ತೂತು ಯಾಕ ಬಿಟ್ಟಿ?”

“ಅದು ನೀ ಹೆಬ್ಬೆಟ್ಟು ಇಟ್ಟು ಹಿಡಿದಿದ್ದ ಜಾಗ ಚಿಗವ್ವ. ಅಷ್ಟ ಉಳದೈತಿ.”

ಅವಳು ತನ್ನ ಹೆಬ್ಬೆರಳನ್ನು ಗಾಜಿನ ಮೇಲೆ ಗಾಳಿಯಲ್ಲೇ ಹಿಡಿದು ಅಳತೆ ನೋಡಿದಳು. ಮುಟ್ಟಲಿಲ್ಲ. ಸರಿಯಾಗಿ ಕೂತಿತು. ಮತ್ತೆ ನಾರಿಗೆ ಬೂದಿ ಹಚ್ಚಿಕೊಂಡಳು.

“ಓಣಿಯವರದೆಲ್ಲಾ ಬಂತು,” ಎಂದಳು ಆಮೇಲೆ. “ನಿಂದೊಂದು ರೊಟ್ಟಿ ಬಾಕಿ ಐತಿ ನೋಡು ಸಾವಂತ್ರಿ. ಆವತ್ತಿಂದು.”

“ನಾಳಿ ಕೊಡ್ತೀನಿ ಚಿಗವ್ವ.”

“ಹ್ವಾದ ಶುಕ್ರವಾರನೂ ನಾಳಿ ಅಂದಿದ್ದಿ.”

“ಈ ಸಲ ಖರೆ.”

“ಕೊಡದಿದ್ರ ಬಿಡೂದಿಲ್ಲ ನಾ. ಮತ್ತ ಬರ್ತೀನಿ ಕೇಳಾಕ.”

“ಬಾ,” ಎಂದೆ.

ಹಿಟ್ಟು ಮನೆಯಲ್ಲಿದೆ. ಹೊತ್ತಿಗೆ ಸರಿಯಾಗಿ ಒಲೆಯೂ ಹತ್ತುತ್ತದೆ. ಆ ಒಂದು ರೊಟ್ಟಿಯನ್ನು ಮಾತ್ರ ನಾನಿನ್ನೂ ಬಡಿದಿಲ್ಲ.